ಬೇವೂರಿನ ಸುತ್ತಣ ಸೀಮೆ: ಕ್ರಿ. ಶ. 1948

1947ರ ಕೊನೆಯಲ್ಲಿ ಬೇವೂರಿನ ಸುತ್ತಣ ಸೀಮೆಯು ಹಲವು ಆಳಿಕೆಗಳಲ್ಲಿ ಹಂಚಿಹೋಗಿದ್ದಿತು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಪಡುವಲಿಗೆ ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿ ಸಂಸ್ಥಾನಗಳು. ಮೂಡಲಿಗೆ ಇಳಕಲ್ಲನ್ನು ದಾಟಿದರೆ ನಿಜಾಮರ ಕುಷ್ಟಗಿ ಸೀಮೆ. ನುಡಿಯೊಂದೇ, ಬಿತ್ತುವ ಜೋಳವೊಂದೇ. ಕಾಯಿದೆಗಳು ಮಾತ್ರ ಬೇರೆ. ಸ್ವತಂತ್ರ ಭಾರತದ ಮೊದಲನೆಯ ಪೂರ್ಣ ವರ್ಷವಾದ 1948 ಈ ಗಡಿಗಳಲ್ಲಿ ಯಾವುದನ್ನು ಅಳಿಸಿತು, ಯಾವುದನ್ನು ಉಳಿಸಿತು ಎಂಬುದು ವಿಚಾರಾರ್ಹವಾದ ವಿಷಯವು.

ಆ ವರ್ಷವು ಶೋಕದಿಂದ ಮೊದಲಾಯಿತು. ಜನವರಿ 30ರಂದು ಮಹಾತ್ಮಾ ಗಾಂಧಿಯವರ ಹತ್ಯೆಯಾಯಿತು. ಆರು ವಾರಗಳೊಳಗೆ, ಮಾರ್ಚ್ 8ರಂದು, ಮುಧೋಳ, ಜಮಖಂಡಿ, ರಾಮದುರ್ಗ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಜಮಖಂಡಿಯ ದಿವಾನರಾಗಿದ್ದ ಬಿ. ಡಿ. ಜತ್ತಿಯವರು ವಕೀಲಿ ವೃತ್ತಿಗೆ ಮರಳಿದರು. ಪಡುವಣ ಗಡಿಯು ಹೀಗೆ ಲೇಖನಿಯ ಬಲದಿಂದಲೇ ಅಳಿಯಿತು.

ಮೂಡಣ ಗಡಿಯ ಮಾತು ಬೇರೆ. ನಿಜಾಮರು ಭಾರತಕ್ಕೆ ಸೇರಲೊಪ್ಪಲಿಲ್ಲ. ರಜಾಕಾರರ ಹಾವಳಿಗೆ ಅಂಜಿದ ಅನೇಕ ಕುಟುಂಬಗಳು ಮನೆಮಾರುಗಳನ್ನು ತೊರೆದು ಗಡಿಯ ಈಚೆಗೆ ಬಂದವು.

ಇಂತಹ ಕಳವಳದ ದಿನಗಳಲ್ಲಿ ಲಂಡನ್ನಿನಿಂದ ಹರ್ಷದ ವಾರ್ತೆಯೊಂದು ಬಂದಿತು. ಆಗಸ್ಟ್ 12ರಂದು ಭಾರತದ ಹಾಕಿ ತಂಡವು ಬ್ರಿಟನ್ನನ್ನು 4–0 ಗೋಲುಗಳಿಂದ ಸೋಲಿಸಿ ಒಲಿಂಪಿಕ್ ಸ್ವರ್ಣಪದಕವನ್ನು ಪಡೆಯಿತು. ನಿನ್ನೆಯ ಆಳರಸರನ್ನು ಅವರ ರಾಜಧಾನಿಯಲ್ಲಿಯೇ ಗೆದ್ದ ಗೆಲುವದು. ಗರಡಿಮನೆಗಳ ಈ ಸೀಮೆಗೆ ಇನ್ನೂ ಹತ್ತಿರವಾದುದು ಕುಸ್ತಿ. ಇದೇ ಕೃಷ್ಣಾ ನದಿಯ ಮೇಲ್ಭಾಗದಲ್ಲಿರುವ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು, ಮಣ್ಣಿನ ಕಣದಲ್ಲಿ ಪಳಗಿದವರಾಗಿಯೂ, ಲಂಡನ್ನಿನ ಮೆತ್ತೆಯ ಮೇಲೆ ಸೆಣಸಿ ಆರನೆಯ ಸ್ಥಾನವನ್ನು ಪಡೆದರು. 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕವನ್ನೇ ತಂದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಹೈದರಾಬಾದು ಸಂಸ್ಥಾನದ ಗಡಿಯನ್ನು ದಾಟಿತು; 17ರಂದು ನಿಜಾಮರು ಕದನವಿರಾಮವನ್ನು ಸಾರಿದರು. ಪಂಚಾಂಗದಂತೆ ಅದು ಉತ್ತರೆ ಮಳೆಯ ಕಾಲ. ಈ ಎರೆಭೂಮಿಯಲ್ಲಿ ಉತ್ತರೆ, ಹಸ್ತೆಗಳು ಸುರಿದರೆ ಹಿಂಗಾರಿ ಬಿಳಿಜೋಳ, ಕೈಕೊಟ್ಟರೆ ಬರ. 1876–78ರ ಮಹಾಕ್ಷಾಮದಲ್ಲಿ ನವೆದ ಜಿಲ್ಲೆಯಿದು. ಐದು ದಿನಗಳಲ್ಲಿ ಪ್ರಭುತ್ವವು ಮಣಿಯಿತು. ಮುಗಿಲನ್ನು ನೋಡುವ ಒಕ್ಕಲಿಗನ ಚಿಂತೆ ಗಡಿಯ ಎರಡೂ ಕಡೆಗೆ ಮೊದಲಿನಂತೆಯೇ ಉಳಿಯಿತು.

ಇಳಕಲ್ಲಿನಾಚೆಯ ಗೆರೆಯೂ ಆಗಲೇ ಅಳಿಯಲಿಲ್ಲ. ಕುಷ್ಟಗಿಯು ಹೈದರಾಬಾದು ರಾಜ್ಯದಲ್ಲಿಯೇ ಉಳಿದು, 1956ರ ನವೆಂಬರ್ 1ರಂದು ಮಾತ್ರ ಎರಡೂ ಕಡೆಯ ಕನ್ನಡಿಗರು ಒಂದೇ ರಾಜ್ಯದವರಾದರು. 1948 ಅರಸರ ಆಳಿಕೆಯನ್ನು ಮುಗಿಸಿತು. ಕನ್ನಡಿಗರ ನಡುವಣ ಗಡಿಯನ್ನು ಅಳಿಸಲು ಮತ್ತೆ ಎಂಟು ವರ್ಷಗಳು ಬೇಕಾದವು.