ಅಗಲಿಕೆ, ಬೇರೆ, ಪಾಲು, ಬಿಡುಗಡೆ: ಕನ್ನಡದ ವಿಯೋಗವಾಚಕ ಪದಗಳ ಸಾಮಾಜಿಕ ಚರಿತ್ರೆ

ಇಂಗ್ಲಿಷಿನ ‘ಸೆಪರೇಶನ್’ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಪದವನ್ನು ಕೊಡುವುದು ಸುಲಭವಲ್ಲ. ಗಂಡಹೆಂಡಿರು ದೂರವಾದರೆ ಒಂದು ಮಾತು, ಅಣ್ಣತಮ್ಮಂದಿರು ದೂರವಾದರೆ ಇನ್ನೊಂದು, ಮಗಳು ಗಂಡನ ಮನೆಗೆ ಹೊರಟರೆ ಮತ್ತೊಂದು, ಹಿರಿಯರು ಕಾಲವಾದರೆ ಮಗದೊಂದು. ಇಂಥ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಲ್ಯಾಟಿನ್ ಮೂಲದ ರೊಮೇನಿಯನ್ ಭಾಷೆಗೆ ಈ ಇಂಗ್ಲಿಷ್ ಪದವನ್ನು ಅನುವಾದಿಸುವವರು ಬರಹದ ‘ಸೆಪರಾರೆ’ ಮತ್ತು ಮನೆಮಾತಿನ ‘ದೆಸ್ಪರ್ತ್ಸಿರೆ’ ಎಂಬ ಎರಡು ಪದಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಎರಡನೆಯದರ ಒಡಲಿನಲ್ಲಿರುವುದು ಪಾಲು ಎಂಬರ್ಥದ ‘ಪಾರ್ತೆ’. ಅಗಲುವುದೆಂದರೆ ಪಾಲಾಗುವುದು ಎಂಬ ತಿಳಿವಳಿಕೆ ಅಷ್ಟು ದೂರದ ಜನರಲ್ಲಿಯೂ ಇರುವುದು ಗಮನಾರ್ಹವಾಗಿದೆ.

ನಿಘಂಟುಕಾರನಿಗೆ ಇದು ಪರ್ಯಾಯ ಪದಗಳ ಪ್ರಶ್ನೆ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೆಣ್ಣಿಗೆ ಅಥವಾ ಜಮೀನು ಕಳೆದುಕೊಂಡ ರೈತನಿಗೆ ಇದು ಬದುಕಿನ ಪ್ರಶ್ನೆ. ಜನಪದರ ವಿಯೋಗವಾಚಕ ಪದಗಳು ಕಾನೂನಿನ ಇಂಗ್ಲಿಷಿಗೂ ಅಲ್ಲಿಂದ ಸಂಸ್ಕೃತಭೂಯಿಷ್ಠ ಕನ್ನಡಕ್ಕೂ ದಾಟುವಾಗ ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಒಕ್ಕಲುತನದ ಊರುಗಳು ಒಂದೆರಡು ತಲೆಮಾರುಗಳಲ್ಲಿ ಮಹಾನಗರದ ಬಡಾವಣೆಗಳಾದ ಈ ಪ್ರದೇಶದಲ್ಲಿ ಎರಡೂ ಬಗೆಯ ಪದಗಳು ಒಂದೇ ಮನೆಯೊಳಗೆ ಬಳಕೆಯಲ್ಲಿವೆ.

ನಾಲ್ಕು ಮೂಲಪದಗಳು

ಕನ್ನಡದ ವಿಯೋಗವಾಚಕಗಳನ್ನು ಸ್ಥೂಲವಾಗಿ ನಾಲ್ಕು ದೇಶ್ಯ ಮೂಲಗಳ ಸುತ್ತ ಜೋಡಿಸಬಹುದು. ಮೊದಲನೆಯದು ‘ಅಗಲು’. ಬಟ್ಟೆಯ ಅಗಲ, ಬಾಗಿಲ ಅಗಲ ಎನ್ನುವಾಗಿನ ‘ಅಗಲ’ವೂ ಅಗಲಿಕೆಯ ‘ಅಗಲು’ವೂ ಒಂದೇ ಮೂಲದವು. ತಮಿಳಿನ ‘ಅಗಲ್’ ಪದಕ್ಕೂ ವಿಸ್ತಾರವಾಗು, ದೂರವಾಗು ಎಂಬ ಎರಡು ಅರ್ಥಗಳಿವೆ. ಅಂದರೆ ದ್ರಾವಿಡ ಮನಸ್ಸು ಅಗಲಿಕೆಯನ್ನು ಇಬ್ಬರ ನಡುವೆ ತೆರೆದುಕೊಂಡ ಜಾಗವಾಗಿ ಕಂಡಿದೆ. ಇಲ್ಲಿ ತಪ್ಪು ಯಾರದೆಂಬ ಪ್ರಶ್ನೆಯಿಲ್ಲ.

ಎರಡನೆಯದು ‘ಬೇರೆ’. ಹಳಗನ್ನಡದಲ್ಲಿ ಇದು ಶಕಟರೇಫದ ‘ಬೇಱೆ’. ಮರದ ‘ಬೇರ್’ ಸಾಮಾನ್ಯ ರೇಫದ್ದು. ಶಕಟರೇಫ ಮರೆಯಾದ ಮೇಲೆ ಎರಡೂ ಕಿವಿಗೆ ಒಂದಾದವು. ಮೂರನೆಯದು ‘ಪಾಲು’. ಇದು ವಸ್ತುವಿನ ಹಂಚಿಕೆಯನ್ನು ಸೂಚಿಸುತ್ತದೆ. ನಾಲ್ಕನೆಯದು ‘ಬಿಡು’. ಮೊದಲ ಮೂರಕ್ಕಿಂತ ಇದು ಭಿನ್ನವಾದುದು, ಏಕೆಂದರೆ ಇಲ್ಲಿ ಬಿಟ್ಟವರು ಮತ್ತು ಬಿಡಲ್ಪಟ್ಟವರು ಎಂಬ ಇಬ್ಬರು ಇರಲೇಬೇಕು.

ಒಲೆ ಬೇರೆ, ಪಾಲು ಬೇರೆ

ಆವತಿ ನಾಡಪ್ರಭುಗಳ ಮನೆತನ ಕವಲೊಡೆದು, ಅದರಲ್ಲೊಬ್ಬನಾದ ಜಯಗೌಡ ಯಲಹಂಕದಲ್ಲಿ ನೆಲೆಗೊಂಡನೆಂಬುದು ಈ ಪ್ರದೇಶದ ಪ್ರಸಿದ್ಧ ಐತಿಹ್ಯ. ಬೆಂಗಳೂರು ನಿರ್ಮಾತೃ ಕೆಂಪೇಗೌಡರ ವಂಶದ ಕಥನವೇ ದಾಯಾದಿಗಳ ಅಗಲಿಕೆಯಿಂದ ಆರಂಭವಾಗುತ್ತದೆ. ಒಕ್ಕಲು ಕುಟುಂಬಗಳಲ್ಲಿ ಈ ಅಗಲಿಕೆ ಒಮ್ಮೆಗೇ ಆಗುವುದಿಲ್ಲ. ಮೊದಲು ‘ಒಲೆ ಬೇರೆ’ಯಾಗುತ್ತದೆ. ಅಡುಗೆ ಎರಡು ಕಡೆ ನಡೆದರೂ ಹೊಲ, ಬಾವಿ, ಕಣ, ಮನೆದೇವರು ಒಂದಾಗಿಯೇ ಇರುತ್ತವೆ. ಆಮೇಲೆ ಪಂಚರ ಸಮ್ಮುಖದಲ್ಲಿ ‘ಪಾಲು’ ನಿಗದಿಯಾಗುತ್ತದೆ. ಕೊನೆಗೆ ಚೆಕ್ಕುಬಂದಿ ಗುರುತಿಸಿ ಖಾತೆ ಬೇರೆಯಾಗುತ್ತದೆ. ಈ ಮೂರು ಹಂತಗಳ ನಡುವೆ ಹಲವು ವರ್ಷಗಳೇ ಕಳೆಯಬಹುದು.

ಇದೇ ವಿಷಯವನ್ನು ಶಾಸ್ತ್ರವೂ ವಿವೇಚಿಸಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ದಾಯವಿಭಾಗವು ಮುಖ್ಯ ಪ್ರಕರಣ. ಕೋಲ್‌ಬ್ರೂಕ್ ಈ ಭಾಗವನ್ನು ಇಂಗ್ಲಿಷಿಗೆ ಅನುವಾದಿಸಿ 1810ರಲ್ಲಿ ಪ್ರಕಟಿಸಿದಾಗ ‘ವಿಭಾಗ’ವು ‘ಪಾರ್ಟಿಷನ್’ ಆಯಿತು. 1866ರಲ್ಲಿ ಪ್ರಿವಿ ಕೌನ್ಸಿಲ್, ಪಾಲುದಾರರು ತಮ್ಮ ತಮ್ಮ ಅಂಶಗಳನ್ನು ಗೊತ್ತುಪಡಿಸಿಕೊಂಡು ಒಪ್ಪಿದರೆ ಸಾಕು, ನೆಲವನ್ನು ಅಳೆದು ಹಂಚದಿದ್ದರೂ ಅವಿಭಕ್ತ ಸ್ಥಿತಿ ಮುಗಿಯುತ್ತದೆ ಎಂದು ತೀರ್ಮಾನಿಸಿತು. ಅಡುಗೆ ಬೇರೆಯಾದ ಮಾತ್ರಕ್ಕೆ ವಿಭಾಗವಾಯಿತೆಂದು ಹೇಳಲಾಗದು ಎಂಬುದೂ ಹಿಂದೂ ನ್ಯಾಯದಲ್ಲಿ ನೆಲೆನಿಂತ ತತ್ತ್ವ. ಹೀಗೆ ಕರ್ನಾಟಕದ ಕಲ್ಯಾಣದಿಂದ ಹೊರಟ ಒಂದು ಪದ ಕಲ್ಕತ್ತೆ, ಲಂಡನ್ನುಗಳನ್ನು ಸುತ್ತಿ ಮರಳುವಷ್ಟರಲ್ಲಿ ಹಳ್ಳಿಯ ಹಿರಿಯರು ಮಾಡುತ್ತಿದ್ದ ಮೂರು ಹಂತಗಳ ವಿವೇಚನೆಗೇ ಬಂದು ಸೇರಿತ್ತು.

ಆದರೆ ದಾಖಲೆಯ ಭಾಷೆಯಲ್ಲಿ ಈ ವಿವೇಚನೆ ಉಳಿಯಲಿಲ್ಲ. ‘ನಾವು ಬೇರೆಯಾಗಿ ಇಪ್ಪತ್ತು ವರ್ಷವಾಯಿತು’ ಎಂದು ಸಾಕ್ಷಿಯೊಬ್ಬ ನುಡಿದರೆ ಅದು ಒಲೆಯ ಮಾತೋ ಪಾಲಿನ ಮಾತೋ ಎಂಬುದು ಕೇಳುವವರಿಗೆ ತಿಳಿದಿರಬೇಕು. ಅದನ್ನು ‘ವಿಭಾಗವಾಗಿದೆ’ ಎಂದು ಬರೆದುಕೊಂಡ ಕ್ಷಣ ಅರ್ಥ ಬದಲಾಗುತ್ತದೆ. 2003ರಲ್ಲಿ ಅರ್ಕಾವತಿ ಬಡಾವಣೆಗಾಗಿ ಉತ್ತರ ಬೆಂಗಳೂರಿನ ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಟಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ನೆಲದ ಬೆಲೆ ಏರಿದಂತೆಲ್ಲ ಬಾಯಿಮಾತಿನ ಪಾಲಿಗೂ ಪಹಣಿಯಲ್ಲಿ ಇರುವ ಹೆಸರಿಗೂ ನಡುವಿನ ಅಂತರ ವ್ಯಾಜ್ಯವಾಗಿ ಬೆಳೆಯಿತು.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ‘ಬೇರೆಯಾಗಿದ್ದೇವೆ’ ಎಂಬ ಮಾತಿನ ಸಡಿಲತೆ ಹೆಣ್ಣುಮಕ್ಕಳ ವಿರುದ್ಧವೂ ಬಳಕೆಯಾಗಬಲ್ಲದು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಹೊರಗಿಟ್ಟು ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹಕ್ಕು ನೀಡಿತು. 2005ರ ಕೇಂದ್ರ ತಿದ್ದುಪಡಿ ಆ ಹಕ್ಕನ್ನು ವಿಸ್ತರಿಸಿತು. ‘ಪಾಲು ಎಂದೋ ಆಗಿಹೋಗಿದೆ’ ಎಂದು ಅಣ್ಣತಮ್ಮಂದಿರು ಹೇಳಿಬಿಟ್ಟರೆ ಆ ಹಕ್ಕಿಗೆ ನೆಲೆಯೇ ಇರುವುದಿಲ್ಲ. ಆದ್ದರಿಂದಲೇ 2005ರ ಕಾಯಿದೆ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದುದನ್ನು ಮಾತ್ರ ವಿಭಾಗವೆಂದು ಅರ್ಥೈಸಿತು. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪವಾದದ ಸಂದರ್ಭಗಳನ್ನುಳಿದು ಬಾಯಿಮಾತಿನ ವಿಭಾಗವನ್ನು ಒಪ್ಪಲಾಗದೆಂದಿತು. ಜನಪದರ ಮಾತು ನಷ್ಟವಾದ ಎಡೆಯಲ್ಲಿ ಹೆಣ್ಣುಮಕ್ಕಳಿಗೆ ನ್ಯಾಯ ದೊರೆತಿದೆ ಎಂಬುದನ್ನು ಜಾನಪದ ಸಂಶೋಧಕರು ಒಪ್ಪಿಕೊಳ್ಳಬೇಕಾಗುತ್ತದೆ.

ಬಿಡುಗಡೆ ಮತ್ತು ವಿಚ್ಛೇದನ

ಪಾಲಿನ ದಾಖಲೆಗೆ ಜನ ಬಳಸುವ ‘ಪಾಲುಪಾರೀಕತ್ತು’ ಎಂಬ ಪದದ ಉತ್ತರಾರ್ಧ ಅರಬ್ಬೀ ಪಾರಸಿ ಮೂಲದ್ದು. ‘ಫಾರಿಗ್’ ಎಂದರೆ ಋಣಮುಕ್ತ, ‘ಖತ್’ ಎಂದರೆ ಬರಹ. ಇದೇ ಪದ ಮರಾಠಿಯಲ್ಲಿ ‘ಫಾರಕತ’ವಾಗಿ ಗಂಡಹೆಂಡಿರ ಬೇರ್ಪಡೆಯನ್ನೂ ಹೇಳುತ್ತದೆ. ಉತ್ತರ ಕರ್ನಾಟಕದ ‘ಸೋಡಚೀಟಿ’ಯೂ ಮರಾಠಿಯ ಮೂಲಕ ಬಂದುದೇ. ಅದರಲ್ಲಿ ‘ಸೋಡ’ ಎಂದರೆ ಬಿಡು. ದಕ್ಷಿಣದ ಜಿಲ್ಲೆಗಳ ‘ಬಿಡುಗಡೆ’ಯಲ್ಲಿಯೂ ಇರುವುದು ಅದೇ ಭಾವ. ಈ ಎಲ್ಲ ಪದಗಳೂ ದಾಂಪತ್ಯದ ಕೊನೆಯನ್ನು ಋಣದಿಂದ ಬಿಡಿಸಿಕೊಳ್ಳುವ ಕ್ರಿಯೆಯಾಗಿ ನೋಡುತ್ತವೆ. ಋಣ ತೀರಿದ ಮೇಲೆ ಮುಂದಿನ ದಾರಿಯೂ ತೆರೆಯಬೇಕು. ಹಲವು ಸಮುದಾಯಗಳಲ್ಲಿ ಅಂಥ ದಾರಿ ಇತ್ತು.

ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷಾ ಸಂಪುಟಗಳು 1928ರಿಂದ 1935ರ ಅವಧಿಯಲ್ಲಿ ಪ್ರಕಟವಾದವು. ವಿಧವೆಯರಿಗೂ ಗಂಡನಿಂದ ಬಿಡುಗಡೆ ಪಡೆದವರಿಗೂ ಧಾರೆಯ ವಿಧಿಯಿಲ್ಲದೆ ಸೀರೆ ಕೊಟ್ಟು ನಡೆಸುತ್ತಿದ್ದ ಉಡಿಕೆ, ಕೂಡಿಕೆ, ಕೂಡಾವಳಿಗಳನ್ನು ಅವು ದಾಖಲಿಸಿವೆ. ನಂಜುಂಡಯ್ಯನವರು ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು, 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ‘ವ್ಯವಹಾರ ದೀಪಿಕೆ’ಯಂಥ ಕಾನೂನು ಗ್ರಂಥವನ್ನು ಕನ್ನಡದಲ್ಲಿ ಬರೆದವರು. ಕಾನೂನು, ಕನ್ನಡ, ಜನಪದ ಆಚರಣೆ ಈ ಮೂರೂ ಒಬ್ಬರೇ ವಿದ್ವಾಂಸರ ಆಸಕ್ತಿಯಲ್ಲಿ ಕೂಡಿದ್ದ ಕಾಲವದು. ಆಮೇಲೆ ಈ ಮೂರು ಕ್ಷೇತ್ರಗಳೂ ಪರಸ್ಪರ ಅಗಲಿದವು.

1955ರ ಹಿಂದೂ ವಿವಾಹ ಅಧಿನಿಯಮದ 10ನೆಯ ಪ್ರಕರಣ ನ್ಯಾಯಾಲಯದ ಆಜ್ಞೆಯಿಂದ ಪ್ರತ್ಯೇಕವಾಗಿ ವಾಸಿಸುವುದನ್ನೂ 13ನೆಯ ಪ್ರಕರಣ ವಿಚ್ಛೇದನವನ್ನೂ ಹೇಳುತ್ತವೆ. 1976ರಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನ ಸೇರಿತು. 29ನೆಯ ಪ್ರಕರಣ ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿದೆ. ಆದರೆ ಅಂಥ ರೂಢಿಯನ್ನು ಸ್ಪಷ್ಟವಾಗಿ ಪ್ರತಿಪಾದಿಸಿ ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರ ತೀರ್ಪೊಂದರಲ್ಲಿ ಹೇಳಿತು. ಪಂಚಾಯ್ತಿಯಲ್ಲಿ ಬಿಡುಗಡೆ ಪಡೆದು ಉಡಿಕೆಯಾದ ಹೆಣ್ಣು, ತನ್ನ ಸಮುದಾಯದಲ್ಲಿ ‘ಬಿಡುಗಡೆ’ ಎಂದರೆ ಸಂಬಂಧದ ಪೂರ್ಣ ಸಮಾಪ್ತಿಯೇ ಹೊರತು ಕೇವಲ ದೂರವಿರುವುದಲ್ಲ ಎಂಬುದನ್ನು ರುಜುವಾತುಪಡಿಸಬೇಕು. ಆಗದಿದ್ದರೆ ಎರಡನೆಯ ಮದುವೆ ಕಾನೂನಿನ ಕಣ್ಣಿಗೆ ಶೂನ್ಯ. ಅಂಥ ಮದುವೆಯ ಮಕ್ಕಳಿಗೆ, ಅವಿಭಕ್ತ ಆಸ್ತಿಯಲ್ಲಿ ತಂದೆ ಅಥವಾ ತಾಯಿಗೆ ಬರಬಹುದಾದ ಪಾಲಿನಲ್ಲಿ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ 2023ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ಮಕ್ಕಳಿಗೆ ರಕ್ಷಣೆ ದೊರೆತರೂ ತಾಯಿಯ ಸ್ಥಾನ ಈ ಒಂದು ಪದದ ಅರ್ಥನಿರ್ಣಯವನ್ನೇ ಅವಲಂಬಿಸಿದೆ. ಜಾನಪದ ದಾಖಲೆಗೆ ಸಾಕ್ಷ್ಯದ ಬೆಲೆ ಬರುವುದು ಇಂಥಲ್ಲಿ.

‘ವಿಚ್ಛೇದನ’ವೆಂದರೆ ಕತ್ತರಿಸುವಿಕೆ. ಬಿಡುಗಡೆಯಲ್ಲಿದ್ದ ಋಣದ ಕಲ್ಪನೆ ಅದರಲ್ಲಿಲ್ಲ. ಹಾಗೆಂದು ಈ ಪದವನ್ನು ಅಲ್ಲಗಳೆಯಲಾಗದು. ಆಡುಮಾತಿನ ‘ಗಂಡ ಬಿಟ್ಟವಳು’ ಎಂಬ ಪ್ರಯೋಗವನ್ನು ಗಮನಿಸಿ. ವಿಭಕ್ತಿ ಪ್ರತ್ಯಯ ಲೋಪವಾಗಿರುವುದರಿಂದ ಗಂಡನೇ ಬಿಟ್ಟನೋ ಅವಳೇ ಗಂಡನನ್ನು ಬಿಟ್ಟಳೋ ತಿಳಿಯದು. ಆದರೂ ಕಳಂಕ ಮಾತ್ರ ಅವಳಿಗೇ ಅಂಟುತ್ತದೆ. ‘ವಿಚ್ಛೇದಿತೆ’ ಎಂಬಲ್ಲಿ ಕರ್ತೃವಿನ ಪ್ರಶ್ನೆಯೇ ಏಳುವುದಿಲ್ಲ. ಆ ಒಣ ಪದ ಹೆಣ್ಣಿಗೆ ಕೊಂಚ ಗೌರವವನ್ನು ತಂದಿದೆ.

ಜನಗಣತಿಯ ವರ್ಗೀಕರಣವೂ ಈ ಮಾತಿಗೆ ಪೂರಕವಾಗಿದೆ. ವಿಚ್ಛೇದಿತರನ್ನೂ ಬೇರೆಯಾಗಿ ವಾಸಿಸುವವರನ್ನೂ ಒಂದೇ ವರ್ಗದಲ್ಲಿ ಎಣಿಸುತ್ತಿದ್ದ ಪದ್ಧತಿಯನ್ನು ಬಿಟ್ಟು 2011ರಲ್ಲಿ ಎರಡನ್ನೂ ಪ್ರತ್ಯೇಕಿಸಲಾಯಿತು. ಆಗ ದೇಶದಲ್ಲಿ ಬೇರೆ ವಾಸಿಸುವವರ ಸಂಖ್ಯೆ ವಿಚ್ಛೇದಿತರ ಸಂಖ್ಯೆಯ ಹೆಚ್ಚುಕಡಿಮೆ ಮೂರು ಪಟ್ಟು ಇರುವುದು ಕಂಡುಬಂದಿತು. ನ್ಯಾಯಾಲಯದ ಪದ ತಲುಪದ ಬದುಕುಗಳು ಎಷ್ಟೊಂದು ಎಂಬುದಕ್ಕೆ ಇದು ನಿದರ್ಶನ.

ಬೀಳ್ಕೊಡುಗೆ ಮತ್ತು ಸಾವು

ಎಲ್ಲ ಅಗಲಿಕೆಯೂ ವ್ಯಾಜ್ಯವಲ್ಲ. ಕನ್ನಡದಲ್ಲಿ ಹೋಗುವವರು ‘ಬೀಳ್ಕೊಳ್ಳು’ತ್ತಾರೆ, ಉಳಿಯುವವರು ‘ಬೀಳ್ಕೊಡು’ತ್ತಾರೆ. ಒಂದೇ ಘಟನೆಯನ್ನು ಭಾಷೆ ಎರಡು ಕಡೆಯಿಂದಲೂ ನೋಡುತ್ತದೆ. ‘ಹೋಗುತ್ತೇನೆ’ ಎನ್ನುವುದು ಅಶುಭವೆಂದು ‘ಹೋಗಿ ಬರುತ್ತೇನೆ’ ಎನ್ನುವ ರೂಢಿ ಇಂದಿಗೂ ಮನೆಬಾಗಿಲಲ್ಲಿ ಕೇಳಿಬರುತ್ತದೆ. ರೊಮೇನಿಯನ್ನರ ವಿದಾಯದ ನುಡಿ ‘ರಮಸ್ ಬುನ್’ ಉಳಿದವರಿಗೆ ಒಳಿತನ್ನು ಹಾರೈಸುವಂಥದು. ಕನ್ನಡದ ನುಡಿ ಮರಳುವ ಭರವಸೆ ನೀಡುತ್ತದೆ.

ಮರಣದ ಪದಗಳಲ್ಲಿಯೂ ಅಗಲಿಕೆಯನ್ನು ಬೇರೊಂದು ರೀತಿಯಲ್ಲಿ ಕಾಣುವ ಯತ್ನವಿದೆ. ವೀರಶೈವರ ‘ಲಿಂಗೈಕ್ಯ’ವು ಸಾವನ್ನು ಕೂಡುವಿಕೆಯೆಂದೇ ಕರೆಯುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು ಕಿತ್ತಯನೆಂಬ ವೀರ ಹೋರಾಡಿ ಮಡಿದುದನ್ನು ಕನ್ನಡದಲ್ಲಿ ನೆನೆಯುತ್ತದೆ. ಬೆಂಗಳೂರು ನಗರದೊಳಗೆ ಈವರೆಗೆ ದೊರೆತ ಅತಿ ಪ್ರಾಚೀನ ಕನ್ನಡ ಶಾಸನವೆಂದು ಗುರುತಿಸಲಾಗಿರುವ ಬರಹವೇ ಒಂದು ಅಗಲಿಕೆಯ ಬರಹವಾಗಿರುವುದು ಅರ್ಥಪೂರ್ಣ. ಅಗಲಿದವನನ್ನು ಊರಿನಲ್ಲಿ ಉಳಿಸಿಕೊಳ್ಳುವುದೇ ಆ ಕಲ್ಲಿನ ಕೆಲಸ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕನ್ನಡದ ದೇಶ್ಯ ವಿಯೋಗವಾಚಕಗಳು ಏನು ಬೇರೆಯಾಯಿತು, ಯಾರು ಬಿಟ್ಟರು, ಮುಂದಿನ ದಾರಿ ಯಾವುದು ಎಂಬ ವಿವರಗಳನ್ನು ತಮ್ಮಲ್ಲಿ ಹೊತ್ತಿವೆ. ಕಾನೂನಿನ ಪದಗಳು ಆ ವಿವರಗಳನ್ನು ತೊಡೆದು ಎಲ್ಲರಿಗೂ ಒಂದೇ ಅಳತೆಯನ್ನು ಕೊಟ್ಟಿವೆ. ಮೊದಲನೆಯವು ಸಮುದಾಯದ ಅನುಭವವನ್ನು ಕಾಪಾಡಿವೆ, ಎರಡನೆಯವು ಸಮುದಾಯದೊಳಗಿನ ದುರ್ಬಲರನ್ನು ಕಾಪಾಡಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದರಿಂದ ನಷ್ಟವೇ ಹೆಚ್ಚು.

ಆಡಳಿತ ಪದಕೋಶಗಳನ್ನು ಪರಿಷ್ಕರಿಸುವಾಗ ‘ವಿಭಾಗ’ದ ಬಳಿ ಒಲೆ ಬೇರೆಯಾಗುವುದನ್ನೂ ‘ವಿಚ್ಛೇದನ’ದ ಬಳಿ ಬಿಡುಗಡೆ, ಸೋಡಚೀಟಿಗಳನ್ನೂ ಪ್ರದೇಶ ಮತ್ತು ಸಮುದಾಯಗಳ ವಿವರದೊಡನೆ ದಾಖಲಿಸುವುದು ಅಗತ್ಯ. ಯಲಹಂಕ ಸೀಮೆಯ ಹಳ್ಳಿಗಳು ಬಡಾವಣೆಗಳಾಗುತ್ತಿರುವ ವೇಗವನ್ನು ಗಮನಿಸಿದರೆ ಈ ಕೆಲಸಕ್ಕೆ ಉಳಿದಿರುವ ಅವಧಿ ದೀರ್ಘವಾದುದಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಕುಳಿತು ಈ ಪದಗಳ ವ್ಯತ್ಯಾಸ ಬಲ್ಲವರ ತಲೆಮಾರು ಇನ್ನೂ ನಮ್ಮೊಡನೆ ಇರುವಾಗಲೇ ಅವರ ಮಾತನ್ನು ಬರೆದುಕೊಳ್ಳಬೇಕಾಗಿದೆ.