ರೋಜರ್ ವಿಲಿಯಮ್ಸನ ಮಡಿ

1631ರ ಫೆಬ್ರವರಿಯಲ್ಲಿ ಬಾಸ್ಟನ್ನಿಗೆ ಬಂದಿಳಿದ ರೋಜರ್ ವಿಲಿಯಮ್ಸನಿಗೆ ಊರ ಚರ್ಚಿನವರು ಬೋಧಕನ ಹುದ್ದೆ ಕೊಡಲು ಮುಂದಾದರು. ಬೇರೆ ತರುಣ ಪಾದ್ರಿಯಾಗಿದ್ದರೆ ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಿದ್ದ. ಈತ ಒಲ್ಲೆನೆಂದ. ಆ ಚರ್ಚು ಇಂಗ್ಲೆಂಡಿನ ರಾಜಚರ್ಚಿನ ನಂಟನ್ನು ಪೂರ್ತಿ ಕಡಿದುಕೊಂಡಿಲ್ಲ ಎಂಬುದು ಅವನ ತಕರಾರು. ಸಾಲದ್ದಕ್ಕೆ, ರಾಜ ಬರೆದುಕೊಟ್ಟ ಮಾತ್ರಕ್ಕೆ ಮೂಲನಿವಾಸಿಗಳ ನೆಲ ನಿಮ್ಮದಾಗದು ಎಂದ. ಸಬ್ಬತ್ ಮುರಿದವನನ್ನು ದಂಡಿಸಲು ಸರ್ಕಾರ ಯಾರು, ಹತ್ತು ಆಜ್ಞೆಗಳಲ್ಲಿ ಮೊದಲ ನಾಲ್ಕು ದೇವರಿಗೂ ಭಕ್ತನಿಗೂ ಬಿಟ್ಟದ್ದು ಎಂದ. 1635ರ ಅಕ್ಟೋಬರಿನಲ್ಲಿ ಗಡೀಪಾರಿನ ತೀರ್ಪು ಬಂತು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟುವ ಮೊದಲೇ, ಜನವರಿಯ ಹಿಮದಲ್ಲಿ, ತಾನಿದ್ದ ಸೇಲಂ ಊರು ಬಿಟ್ಟು ಪರಾರಿಯಾದ. ಆಸರೆ ಕೊಟ್ಟವರು ಮೂಲನಿವಾಸಿಗಳಾದ ವಾಂಪನೋಗ್ ಜನ. ನರಗಾನ್ಸೆಟ್ ನಾಯಕರಿಂದ ನೆಲ ಪಡೆದು ಅವನು ಕಟ್ಟಿದ ಊರೇ ಪ್ರಾವಿಡೆನ್ಸ್.

ದೇವರ ಮೇಲಿನ ನಂಬಿಕೆ ತೆಳುವಾದ ಮೇಲೆ ಪಶ್ಚಿಮದವರಿಗೆ ಸಹನೆ ಬಂತು ಎಂದು ನಮ್ಮ ಪಠ್ಯಪುಸ್ತಕಗಳು ಸಲೀಸಾಗಿ ಬರೆದುಬಿಡುತ್ತವೆ. ನಾನಂತೂ ಒಪ್ಪುವುದಿಲ್ಲ. ವಿಲಿಯಮ್ಸನದು ಅತಿ ಮಡಿ. ನಂಬದವನನ್ನು ಕಟ್ಟಿ ತಂದು ಪ್ರಾರ್ಥನೆಗೆ ನಿಲ್ಲಿಸಿದರೆ ಮೈಲಿಗೆಯಾಗುವುದು ಪ್ರಾರ್ಥನೆಯೇ ಎಂದು ಅವನು ನಂಬಿದ್ದ. 1639ರಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಸಭೆ ಕಟ್ಟಿದ. ಕೆಲವೇ ತಿಂಗಳಲ್ಲಿ ಅದೂ ಸಾಕಷ್ಟು ಶುದ್ಧವಲ್ಲವೆನಿಸಿ ಹೊರನಡೆದ. ಇಂಥವನೇ 1644ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿ, ಯೆಹೂದ್ಯರು, ತುರ್ಕರು, ಯಾವ ಕ್ರೈಸ್ತ ಪಂಗಡಕ್ಕೂ ಸೇರದವರು, ಎಲ್ಲರ ಆರಾಧನೆಗೂ ಅಡ್ಡಿ ಮಾಡಬೇಡಿ ಎಂದ. ಅವನ ಲೆಕ್ಕದಲ್ಲಿ ಅವರೆಲ್ಲ ದಾರಿ ತಪ್ಪಿದವರೇ! ಪಾರ್ಲಿಮೆಂಟು ಪುಸ್ತಕ ಸುಡಿಸಲು ಆಜ್ಞೆ ಮಾಡಿತು. ಸಹನೆಯ ಪಿತಾಮಹನೆಂದು ನಾವು ಹೊಗಳುವ ಜಾನ್ ಲಾಕ್, 45 ವರ್ಷ ಕಳೆದ ಮೇಲೂ, ನಾಸ್ತಿಕರನ್ನು ಹೊಸ್ತಿಲಾಚೆಗೇ ನಿಲ್ಲಿಸಿದ.

ಹಾಗೆಂದು ವಿಲಿಯಮ್ಸನನ್ನು ಪಲ್ಲಕ್ಕಿಯಲ್ಲಿ ಕೂರಿಸುವುದೂ ಬೇಡ. 1676ರಲ್ಲಿ, ವಸಾಹತಿನವರ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರಿದ ಸಮಿತಿಯಲ್ಲಿ ಅವನೂ ಇದ್ದ.

ಅವನ ಮಡಿಯ ನಿಜವಾದ ಪರೀಕ್ಷೆ ಕ್ವೇಕರರಿಂದ ಆಯಿತು. ಗ್ರಂಥಕ್ಕಿಂತ ಒಳಗಿನ ಬೆಳಕು ದೊಡ್ಡದೆನ್ನುವ ಅವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಬಾಸ್ಟನ್ 1659ರಿಂದ 1661ರೊಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿತು. ಅವರನ್ನು ಹೊರಹಾಕಿ ಎಂದು ನೆರೆಯ ವಸಾಹತುಗಳು 1657ರಲ್ಲೇ ಒತ್ತಾಯಿಸಿದ್ದರೂ, ಪ್ರಾವಿಡೆನ್ಸ್ ಸೇರಿದ್ದ ರೋಡ್ ಐಲೆಂಡ್ ವಸಾಹತು ಕಿವಿಗೊಡಲಿಲ್ಲ. 1672ರ ಹೊತ್ತಿಗೆ ಅಲ್ಲಿನ ಗವರ್ನರನೇ ಕ್ವೇಕರ.

ಆ ವರ್ಷ ಅವರ ಗುರು ಜಾರ್ಜ್ ಫಾಕ್ಸ್‌ಗೆ ವಿಲಿಯಮ್ಸ್ 14 ಆಕ್ಷೇಪಗಳ ಸವಾಲು ಹಾಕಿದ. ಎಪ್ಪತ್ತರ ಅಂಚಿನ ಮುದುಕ, ಪ್ರಾವಿಡೆನ್ಸಿನಿಂದ ನ್ಯೂಪೋರ್ಟಿಗೆ ಇಡೀ ದಿನ ತಾನೇ ದೋಣಿಯ ಹುಟ್ಟು ಹಾಕಿ ನಡುರಾತ್ರಿಗೆ ತಲುಪಿದ. ಫಾಕ್ಸ್ ಆಗಲೇ ಊರು ಬಿಟ್ಟಾಗಿತ್ತು. ಅವನ ಮೂವರು ಶಿಷ್ಯರ ಎದುರು, ಅವರದೇ ಸಭಾಮಂದಿರದಲ್ಲಿ, ಮೂರು ದಿನ ವಾದ ಹೂಡಿದ. ಮೂವರೂ ಒಟ್ಟಿಗೆ ಬಾಯಿ ಹಾಕುತ್ತಾರೆಂದು ಗೊಣಗಿದ. ಯಾರೂ ಸೋಲೊಪ್ಪಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಉಳಿದ ಆಕ್ಷೇಪಗಳನ್ನು ಪ್ರಾವಿಡೆನ್ಸಿನಲ್ಲಿ ಮುಂದುವರಿಸಿದರು. ಆ ಜಗಳವನ್ನೆಲ್ಲ ಅವನು ದಪ್ಪ ಪುಸ್ತಕವಾಗಿ ಬರೆದ. 1676ರಲ್ಲಿ ಅದನ್ನು ಅಚ್ಚು ಹಾಕಿದ್ದು ಬಾಸ್ಟನ್ನಿನಲ್ಲಿ. ಎರಡು ವರ್ಷದಲ್ಲಿ ಕ್ವೇಕರರೂ ಅಷ್ಟೇ ಖಾರವಾಗಿ ಉತ್ತರ ಬರೆದರು.