ಮಂಗನ ಕಾಯಿಲೆಯ ಬೆನ್ನು ಹತ್ತಿದ ವಿಜ್ಞಾನ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದ್ದಾರೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದ್ದು 1957ರಲ್ಲಿ. ಏಷ್ಯಾದಲ್ಲಿ ಎಂದೂ ಕಾಣದಿದ್ದ ಹಳದಿ ಜ್ವರವೇ ಬಂತೇ ಎಂಬುದು ಮೊದಲ ಆತಂಕ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರ ತಂಡಕ್ಕೆ ಸಿಕ್ಕ ವೈರಸ್ ಬೇರೆಯದೇ ಆಗಿತ್ತು. ಅದು ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿತ್ತು. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟಿದೆ ಎಂಬುದನ್ನು ಮಾತ್ರ ಊರಿನವರು ಆಗಲೇ ಕಂಡುಕೊಂಡಿದ್ದರು. ಮುಂದಿನ ಆರೂವರೆ ದಶಕಗಳ ಸಂಶೋಧನೆಯನ್ನು ಈ ಎರಡು ತಿಳಿವಳಿಕೆಗಳು ಎಷ್ಟು ಹತ್ತಿರ ಬಂದವು ಎಂಬ ಅಳತೆಯಿಂದಲೇ ನೋಡಬಹುದು.

ಮೊದಲ ಘಟ್ಟ ಕಾಡಿನದು. ಸಾಗರದಲ್ಲಿ ಪುಣೆ ಸಂಸ್ಥೆಯ ಕ್ಷೇತ್ರ ಕೇಂದ್ರ ತೆರೆಯಿತು. ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ ಪಿ. ಕೆ. ರಾಜಗೋಪಾಲನ್ ಇಲ್ಲಿ ಕೆಲಸ ಮಾಡಿದವರು. ತರಗೆಲೆಯ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುವುದು, ಇಲಿ, ಹಕ್ಕಿ, ಮಂಗಗಳ ರಕ್ತ ಪರೀಕ್ಷಿಸುವುದು ದಿನನಿತ್ಯದ ದುಡಿಮೆ. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗೇ ಮುಖ್ಯ ವಾಹಕ ಎಂಬುದು ಖಚಿತವಾಯಿತು. ಮುಸುವವೋ ಕೆಂಪು ಮೂತಿಯ ಮಂಗವೋ ಸತ್ತುಬಿದ್ದರೆ ಅದರ ಮೈಯ ಉಣುಗುಗಳು ಅಲ್ಲೇ ಉದುರಿ, ಆ ಜಾಗ ರೋಗದ ತಾಣವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಸಾಸಿವೆ ಕಾಳಿನಷ್ಟಿರುವ ಎಳೆ ಉಣುಗುಗಳು ಹೆಚ್ಚುವುದರಿಂದ ಡಿಸೆಂಬರ್‌ನಿಂದ ಮೇವರೆಗೆ ಅಪಾಯದ ಕಾಲ. ಸೊಪ್ಪು, ದರಗು, ಸೌದೆಗೆಂದು ಬೆಟ್ಟಕ್ಕೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಕಾಡು ಕಡಿದು ಗದ್ದೆ ಮಾಡಿದ್ದು, ಅಂಚಿನಲ್ಲಿ ದನ ಮೇಯಿಸಿದ್ದು ಉಣುಗುಗಳನ್ನು ಹೆಚ್ಚಿಸಿತೆಂದು ಸಂಶೋಧಕ ಹೋರ್ಹೆ ಬೊಷೆಲ್ 1969ರಲ್ಲಿ ವಾದಿಸಿದರು. ದನಗಳಿಂದ ವೈರಸ್ ಹರಡುವುದಿಲ್ಲ, ಆದರೆ ಬಲಿತ ಉಣುಗುಗಳಿಗೆ ರಕ್ತ ಸಿಗುವುದು ಅವುಗಳಿಂದ.

ಎರಡನೆಯದು ಲಸಿಕೆಯ ಘಟ್ಟ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ 1990ರ ನಂತರ ವ್ಯಾಪಕವಾಗಿ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು. ಗುಡದಪ್ಪ ಕಸಬಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಡೋಸ್‌ಗಳ ರಕ್ಷಣೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ನೋವಿನ ಸೂಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಲು ಜನರನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಕೊನೆಗೆ ಸತ್ವ ಸಾಲದೆಂದು 2022ರಲ್ಲಿ ಆ ಲಸಿಕೆಯೇ ನಿಂತುಹೋಯಿತು. ಹೊಸ ಲಸಿಕೆಯ ಹೊಣೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಹೊತ್ತಿದೆ. ರೋಗಕ್ಕೆಂದೇ ಔಷಧವಿಲ್ಲದ್ದರಿಂದ ಆಸರೆ ಉಳಿದದ್ದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡಿಎಂಪಿ, ಡೆಪಾ ಎಣ್ಣೆಗಳದ್ದು.

ಪತ್ತೆಯ ತಂತ್ರಜ್ಞಾನ ಇದಕ್ಕಿಂತ ವೇಗವಾಗಿ ನಡೆದಿದೆ. ಎಳೆ ಇಲಿಮರಿಗಳಿಗೆ ರೋಗಿಯ ರಕ್ತ ಚುಚ್ಚಿ ದಿನಗಟ್ಟಲೆ ಕಾಯುತ್ತಿದ್ದ ಕಾಲ ಹೋಗಿ, 2012ರ ಹೊತ್ತಿಗೆ ಪುಣೆಯ ವಿಜ್ಞಾನಿಗಳು ಆರ್‌ಟಿ–ಪಿಸಿಆರ್ ಪರೀಕ್ಷೆ ರೂಪಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದಾದ ಚಿಕ್ಕ ಯಂತ್ರದ ಪರೀಕ್ಷೆಯೂ ಈಗ ಸಿದ್ಧವಾಗಿದೆ. ಇತ್ತ ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಕಾಲಿಟ್ಟಿತು.

2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡ ಅಲೆ, ಮುಂದಿನ ಬಾರಿ ಯಾವ ಊರು ಎಂಬ ಪ್ರಶ್ನೆಯನ್ನು ಮುಂದೆ ತಂದಿತು. ಉತ್ತರ ಹುಡುಕಿದವರು ಬ್ರಿಟನ್‌ನ ಬೆತ್ ಪರ್ಸ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಮತ್ತವರ ಸಹೋದ್ಯೋಗಿಗಳು. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಕೂರಿಸಿಕೊಂಡು ಅವರು ಅಪಾಯದ ನಕ್ಷೆ ತಯಾರಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನ ಬೊಟ್ಟು ಮಾಡಿದ್ದು ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಬೆರೆತ, ನಾಟಿ ದನಗಳು ಹೆಚ್ಚಿರುವ ನೆಲವನ್ನು. ಸಾಗರ, ಹೊಸನಗರ, ತೀರ್ಥಹಳ್ಳಿಯ ಬಹುಪಾಲು ಊರುಗಳ ಚಹರೆಯೇ ಅದು. 2019ರಲ್ಲಿ ರೋಗ ಕಾಣಿಸಿಕೊಂಡ ಜಾಗಗಳಿಗೂ ನಕ್ಷೆ ಬಹುಮಟ್ಟಿಗೆ ಹೊಂದಿತು. ಬೊಷೆಲ್ ಕಾಡಂಚಿನಲ್ಲಿ ನಿಂತು ಊಹಿಸಿದ್ದು ಲೆಕ್ಕಾಚಾರದ ಮಾದರಿಯಲ್ಲೂ ಬೇರೆ ರೂಪದಲ್ಲಿ ಕಂಡಿತು.

ಆದರೂ 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬರು ಈ ಜ್ವರಕ್ಕೆ ಬಲಿಯಾದರು. ತಿಳಿವಳಿಕೆಗೆ ಕೊರತೆಯಿಲ್ಲ, ಅದು ಹರಿಯುವ ದಿಕ್ಕಿನಲ್ಲಿ ಕೊರತೆಯಿದೆ. ಸತ್ತ ಮಂಗದ ಸುದ್ದಿ, ಉಣುಗಿನ ಸೀಸೆ, ರೋಗಿಯ ರಕ್ತ ಎಲ್ಲವೂ ಹಳ್ಳಿಯಿಂದ ಮೇಲಕ್ಕೆ ಹೋಗುತ್ತವೆ; ಫಲಿತಾಂಶ ಕೆಳಗಿಳಿಯುವುದು ನಿಧಾನ. ಮೊದಲು ಮಂಗದ ಹೆಣ ಕಾಣುವುದು ದನ ಕಾಯುವವರಿಗೆ, ದರಗು ಗುಡಿಸುವ ಹೆಂಗಸರಿಗೆ. ಅವರು ಫೋನ್ ಮಾಡಿದ ದಿನವೇ ಸುತ್ತಲಿನ ಜಾಗ ಗುರುತಾಗಿ, ಎಣ್ಣೆ ಮನೆ ಮುಟ್ಟಿ, ಆ ಬೆಟ್ಟಕ್ಕೆ ಹೋಗಬೇಡಿ ಎಂಬ ಮಾತು ಕೇರಿಗೆ ತಲುಪಿದರೆ ಮಾತ್ರ ತಂತ್ರಜ್ಞಾನ ಸಮುದಾಯದ್ದಾಯಿತು ಎನ್ನಬಹುದು. ನಕ್ಷೆಯೂ ಅಷ್ಟೇ: ಪ್ರತಿ ವರ್ಷ ಡಿಸೆಂಬರ್‌ಗೆ ಮುಂಚೆ, ಕನ್ನಡದಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿರಬೇಕು.